ಸಿಹಿ ಮುಂದೆ, ಹುಳಿ ಹಿಂದೆ: ಮನೆಯಲ್ಲೇ ಸೌತೆಕಾಯಿಯ ಸಿಹಿ ಉಪ್ಪಿನಕಾಯಿ

ತುಮಕೂರು, ಹಾಸನ, ದಾವಣಗೆರೆ ಕಡೆಯ ಹೊಲಗಳಲ್ಲಿ ಮಿಡಿ ಸೌತೆ (ಗೆರ್ಕಿನ್) ಕೊಯ್ಲಿಗೆ ಬಂದರೆ ಮನೆಮಂದಿಗೆ ಬಿಡುವಿಲ್ಲ. ಬೆರಳುದ್ದದ ಕಾಯಿಯನ್ನು ದಿನವೂ ಕೀಳಲೇಬೇಕು. ಒಂದು ದಿನ ಬಳ್ಳಿಯಲ್ಲಿ ಹೆಚ್ಚಿಗೆ ಉಳಿದರೂ ಕಾಯಿ ದಪ್ಪವಾಗಿ ದರ ಇಳಿಯುತ್ತದೆ. ಒಂದು ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ ಈ ಬೆಳೆಯ ದರ್ಜೆ ನಿಂತಿದೆ. ಕಾಯಿ ಚಿಕ್ಕದಾದಷ್ಟೂ ಬೆಲೆ ಹೆಚ್ಚು. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾದ, ಕಂಪನಿಗಳ ಒಪ್ಪಂದದ ಮೇಲೆ ನಡೆಯುವ ಈ ಕೃಷಿ ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೂ ಹಬ್ಬಿತು. ಕೇಂದ್ರ ವಾಣಿಜ್ಯ ಸಚಿವಾಲಯದ 2022ರ ಲೆಕ್ಕದಂತೆ ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಮಿಡಿ ಸೌತೆ ಬೆಳೆಯುತ್ತಿದ್ದರು. 2020–21ರಲ್ಲಿ ಇದರ ರಫ್ತು 20 ಕೋಟಿ ಡಾಲರ್ ದಾಟಿತು. ಉಪ್ಪುನೀರಲ್ಲೋ ವಿನೆಗರಿನಲ್ಲೋ ಮುಳುಗಿದ ಕಾಯಿಗಳು ಡ್ರಮ್ಮು ತುಂಬಿ ಅಮೆರಿಕ, ಫ್ರಾನ್ಸ್, ಜರ್ಮನಿ, ರಷ್ಯಾಗಳಿಗೆ ಹೋಗುತ್ತವೆ. ಅಲ್ಲಿ ಅವು ಬರ್ಗರಿನ ನಡುವಿನ ಹೋಳಾಗುತ್ತವೆ, ಊಟದ ತಟ್ಟೆಯ ಅಂಚಿನ ಸಿಹಿಹುಳಿ ನಂಜಿಕೆಯಾಗುತ್ತವೆ.

ಇಷ್ಟೆಲ್ಲ ನಮ್ಮ ನೆಲದಲ್ಲೇ ಬೆಳೆದರೂ ಸೌತೆಕಾಯಿಯ ಸಿಹಿ ಉಪ್ಪಿನಕಾಯಿ ನಮ್ಮ ಅಡುಗೆಮನೆಗಳಿಗೆ ಇನ್ನೂ ಅಷ್ಟಾಗಿ ಬಂದಿಲ್ಲ. ಅಂಗಡಿಯಲ್ಲಿ ಸಿಗುವ ಬಾಟಲಿಯ ಬೆಲೆ ನೋಡಿ ಹಿಂದಿರುಗಿದವರು ಎಷ್ಟೋ ಮಂದಿ. ಮನೆಯಲ್ಲಿ ಮಾಡಿದರೆ ಖರ್ಚು ಕಡಿಮೆ. ಒಂದು ಮಧ್ಯಾಹ್ನದ ಬಿಡುವು, ಒಂದು ಸ್ಟೀಲ್ ಪಾತ್ರೆ, ಮೂರು ಗಾಜಿನ ಬಾಟಲಿ ಇದ್ದರೆ ಸಾಕು. ಆದರೆ ಇದು ನಮ್ಮ ಮಾವಿನಮಿಡಿ, ನಿಂಬೆಕಾಯಿಗಳ ದಾರಿಯಲ್ಲಿ ನಡೆಯುವ ಉಪ್ಪಿನಕಾಯಿ ಅಲ್ಲ. ಇದರ ನಿಯಮವೇ ಬೇರೆ. ಅದು ತಿಳಿದರೆ ಮಿಕ್ಕದ್ದೆಲ್ಲ ಸುಲಭ.

ಯಾವ ಉಪ್ಪಿನಕಾಯಿ ಇದು?

ಸಿಹಿ ಸೌತೆ ಉಪ್ಪಿನಕಾಯಿಗಳಲ್ಲಿ ಮನೆಯಲ್ಲಿ ಮಾಡಲು ಎಲ್ಲಕ್ಕಿಂತ ಸುಲಭವಾದದ್ದು ಅಮೆರಿಕದ ‘ಬ್ರೆಡ್ ಅಂಡ್ ಬಟರ್ ಪಿಕಲ್’. ಬಿಲ್ಲೆಬಿಲ್ಲೆಯಾಗಿ ಹೆಚ್ಚಿದ ಸೌತೆಕಾಯಿ, ಈರುಳ್ಳಿ, ಸಕ್ಕರೆ, ವಿನೆಗರ್, ಸಾಸಿವೆ, ಅರಿಶಿನ ಸೇರಿ ಆಗುವ ಹಳದಿ ಬಣ್ಣದ ಉಪ್ಪಿನಕಾಯಿ ಅದು. ಇಲಿನಾಯ್ ರಾಜ್ಯದ ಸ್ಟ್ರೀಟರ್ ಎಂಬ ಊರಿನ ಸೌತೆ ಬೆಳೆಗಾರ ದಂಪತಿ ಓಮರ್ ಮತ್ತು ಕೋರಾ ಫ್ಯಾನಿಂಗ್ 1923ರಲ್ಲಿ ಈ ಹೆಸರಿಗೆ ಟ್ರೇಡ್‌ಮಾರ್ಕ್ ಕೋರಿ ಅರ್ಜಿ ಹಾಕಿದರು. ಕೈಯಲ್ಲಿ ಹಣವಿಲ್ಲದ ಕಾಲದಲ್ಲಿ, ಮಾರಾಟವಾಗದ ಸಣ್ಣ ಕಾಯಿಗಳನ್ನು ಉಪ್ಪಿನಕಾಯಿ ಮಾಡಿ, ಊರಿನ ದಿನಸಿ ಅಂಗಡಿಗೆ ಕೊಟ್ಟು, ಬದಲಿಗೆ ಬ್ರೆಡ್ಡು ಬೆಣ್ಣೆ ತರುತ್ತಿದ್ದರು ಎಂದು ಅಲ್ಲಿಯ ಜನ ಹೇಳುತ್ತಾರೆ. ಸಾಸಿವೆ, ಅರಿಶಿನ, ಈರುಳ್ಳಿ ನಮ್ಮ ಡಬ್ಬಿಗಳಲ್ಲಿ ಯಾವಾಗಲೂ ಇರುವಂಥವು. ಸೌತೆಕಾಯಿಯ ಮೂಲವೂ ಭಾರತವೇ; ಹಿಮಾಲಯದ ತಪ್ಪಲಿನ ಕಹಿ ಕಾಡುಸೌತೆಯಿಂದ ಇಂದಿನ ಸೌತೆ ಬಂದಿದೆ. ಹಾಗಾಗಿ ಈ ಅಡುಗೆ ಅಮೆರಿಕದ್ದಾದರೂ ಇದಕ್ಕೆಂದು ಹುಡುಕಿಕೊಂಡು ಹೋಗಬೇಕಾದ ಸಾಮಾನು ಒಂದೇ: ಸೆಲರಿ ಬೀಜ. ಅದು ಸಿಗದಿದ್ದರೂ ನಡೆಯುತ್ತದೆ.

ಕಾಯುವುದು ಹುಳಿ

ನಮ್ಮ ಉಪ್ಪಿನಕಾಯಿ ಉಪ್ಪು, ಖಾರ, ಎಣ್ಣೆಗಳ ಬಲದ ಮೇಲೆ ನಿಲ್ಲುತ್ತದೆ. ಮಾವು, ನಿಂಬೆಗಳಿಗೆ ಹುಟ್ಟಿನಿಂದಲೇ ಹುಳಿಯೂ ಇದೆ. ಸೌತೆಕಾಯಿಗೆ ಆ ಯಾವ ರಕ್ಷಣೆಯೂ ಇಲ್ಲ. ಅದರ ಮೈಯಲ್ಲಿ ನೂರಕ್ಕೆ 95ರಷ್ಟು ನೀರು, ಹುಳಿ ಇಲ್ಲವೇ ಇಲ್ಲ ಎನ್ನಬಹುದು. ಸಿಹಿ ಉಪ್ಪಿನಕಾಯಿಗೆ ಹಾಕುವ ಉಪ್ಪು ನೀರು ಎಳೆಯುವುದಕ್ಕೆ. ಅದರಲ್ಲಿ ಬಹುಪಾಲು ಬಸಿದು ಹೋಗುತ್ತದೆ. ಇನ್ನು ಸಕ್ಕರೆ. ಜಾಮ್ ಕೆಡದೆ ಇರುವುದು ಸಕ್ಕರೆಯ ಬಲದಿಂದ ಎಂಬುದು ನಿಜ. ಆದರೆ ಜಾಮಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುತ್ತದೆ. ಇಲ್ಲಿ ಹಾಕುವ ಸಕ್ಕರೆ ಅದರ ಸನಿಹಕ್ಕೂ ಬರುವುದಿಲ್ಲ. ಅದು ರುಚಿಗೆ ಮಾತ್ರ.

ಉಳಿದದ್ದು ವಿನೆಗರ್. ಬಾಟಲಿಯನ್ನು ಕಾಯುವ ಪೂರ್ತಿ ಹೊಣೆ ಅದರದು. ಗಾಳಿಯಾಡದ ಬಾಟಲಿಯಲ್ಲಿ ಹುಳಿ ಕಡಿಮೆಯಾದರೆ, ಅಂದರೆ ಪಿ.ಎಚ್. 4.6ಕ್ಕಿಂತ ಮೇಲೇರಿದರೆ, ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯಲು ದಾರಿಯಾಗುತ್ತದೆ. ಅದರ ವಿಷ ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು, ಜೀವಕ್ಕೇ ಎರವಾಗಬಲ್ಲದು. ಆದ್ದರಿಂದ ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡಬೇಕು ಎಂದರೆ ಇದನ್ನೇ ಹೇಳುತ್ತೇನೆ: ಸಕ್ಕರೆ ಕಡಿಮೆ ಮಾಡಬಹುದು, ಮಸಾಲೆ ಬದಲಿಸಬಹುದು, ವಿನೆಗರ್ ಮಾತ್ರ ಕಡಿಮೆ ಮಾಡಬಾರದು, ಅದಕ್ಕೆ ನೀರನ್ನೂ ಬೆರೆಸಬಾರದು. ಹುಳಿ ಜಾಸ್ತಿ ಎನಿಸಿದರೆ ಒಂದೆರಡು ಚಮಚ ಸಕ್ಕರೆ ಹೆಚ್ಚಿಸಿ. ನಾಲಿಗೆಗೆ ಹುಳಿ ತಗ್ಗುತ್ತದೆ, ಬಾಟಲಿಯೊಳಗಿನ ಹುಳಿ ಇದ್ದಷ್ಟೇ ಇರುತ್ತದೆ.

ಇನ್ನೊಂದು ತೊಡಕು ನಮ್ಮ ದೇಶದ್ದೇ. ಅಮೆರಿಕದ ಪಾಕವಿಧಾನಗಳೆಲ್ಲ 5% ಆಮ್ಲಾಂಶದ ವಿನೆಗರನ್ನು ಲೆಕ್ಕದಲ್ಲಿಟ್ಟು ಬರೆದವು. ನಮ್ಮ ಆಹಾರ ಸುರಕ್ಷತಾ ನಿಯಮ ವಿನೆಗರಿನಲ್ಲಿ ಕನಿಷ್ಠ 3.75% ಅಸಿಟಿಕ್ ಆಮ್ಲ ಇದ್ದರೆ ಸಾಕು ಎನ್ನುತ್ತದೆ. ದಿನಸಿ ಅಂಗಡಿಯ ಬಿಳಿ ವಿನೆಗರ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ 4% ಎಂದಿರುತ್ತದೆ. ಸೇಬಿನ ವಿನೆಗರ್‌ಗಳಲ್ಲಿ 5% ಎಂದು ಬರೆದವು ಸಿಗುತ್ತವೆ. ಕೊಳ್ಳುವ ಮುಂಚೆ ಲೇಬಲ್ ತಿರುಗಿಸಿ ಓದಿ. ಹೊರಗಿನ ಶೆಲ್ಫಿನಲ್ಲಿ ತಿಂಗಳುಗಟ್ಟಲೆ ಇಡುವ ಬಾಟಲಿಗೆ 5% ಬೇಕೇ ಬೇಕು. ಫ್ರಿಜ್ಜಿನಲ್ಲಿ ಇಟ್ಟು ತಿನ್ನುವುದಾದರೆ 4% ಸಾಕಾಗುತ್ತದೆ. ಪ್ರಯೋಗಾಲಯಕ್ಕೆ ಮಾರುವ ಅಪ್ಪಟ ಅಸಿಟಿಕ್ ಆಮ್ಲ ತಂದು ಮನೆಯಲ್ಲಿ ನೀರು ಬೆರೆಸುವ ಸಾಹಸ ಬೇಡ. ಅದು ಚರ್ಮ ಸುಡುತ್ತದೆ, ಅಳತೆ ತಪ್ಪಿದರೆ ತಿನ್ನಲೂ ಅಪಾಯ.

ಕಾಯಿ ಆರಿಸುವಾಗ

ಎಳೆಯದಾಗಿರಬೇಕು. ನಾಲ್ಕೈದು ಇಂಚು ಉದ್ದ, ಬೀಜ ಇನ್ನೂ ಬಲಿಯದ, ಒತ್ತಿದರೆ ಬಗ್ಗದ ಕಾಯಿ. ಗೆರ್ಕಿನ್ ಬೆಳೆಯುವ ಊರಿನ ಸಮೀಪ ಇರುವವರಿಗೆ ಮಿಡಿ ಸೌತೆ ಸಿಕ್ಕರೆ ಅದಕ್ಕಿಂತ ಮಿಗಿಲಿಲ್ಲ. ತೊಗಲು ತೆಳು, ತಿರುಳು ಗಟ್ಟಿ, ನಡುವೆ ಟೊಳ್ಳಿರುವುದಿಲ್ಲ. ಸಿಗದವರು ಸಂತೆಯ ನಾಟಿ ಎಳೆಸೌತೆಯಲ್ಲಿ ಸಣ್ಣವನ್ನು ಆರಿಸಿಕೊಳ್ಳಲಿ. ಮಲೆನಾಡಿನ ಎಳೆಯ ಮುಳ್ಳುಸೌತೆಯೂ ಬಹಳ ಚೆನ್ನಾಗಿ ಒಪ್ಪುತ್ತದೆ; ಮುಳ್ಳನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆದರಾಯಿತು. ಪಾಲಿಹೌಸಿನಲ್ಲಿ ಬೆಳೆದ ಉದ್ದನೆಯ ಇಂಗ್ಲಿಷ್ ಸೌತೆಯಲ್ಲಿ ನೀರಿನ ಅಂಶ ಹೆಚ್ಚು, ಬೇಗ ಮೆತ್ತಗಾಗುತ್ತದೆ. ಬೇರೆ ಸಿಗದಿದ್ದರಷ್ಟೇ ಅದನ್ನು ಬಳಸಿ. ಮಂಗಳೂರು ಸೌತೆ ಇದಕ್ಕೆ ಆಗುವುದೇ ಇಲ್ಲ. ಅದು ಕರಬೂಜದ ಕುಲದ್ದು, ಹುಳಿ ಸಾಂಬಾರಿಗೆ ಹೇಳಿಮಾಡಿಸಿದ್ದು. ಅದನ್ನು ಅಲ್ಲಿಗೇ ಬಿಡೋಣ.

ಪ್ರತಿ ಕಾಯಿಯ ತೊಟ್ಟಿನ ಕಡೆಯಿಂದ ಒಂದು ಚೂರು ಕತ್ತರಿಸಿ ರುಚಿ ನೋಡುವುದನ್ನು ತಪ್ಪಿಸಬೇಡಿ. ಸೌತೆಯ ಕಹಿಗೆ ಕಾರಣವಾದ ಕುಕರ್ಬಿಟಾಸಿನ್ ತೊಟ್ಟಿನ ಬಳಿ, ಸಿಪ್ಪೆಯ ಕೆಳಗೆ ಹೆಚ್ಚಿರುತ್ತದೆ. ಉಪ್ಪಿಗಾಗಲಿ ಸಕ್ಕರೆಗಾಗಲಿ ಕುದಿಯುವ ವಿನೆಗರಿಗಾಗಲಿ ಅದು ಜಗ್ಗುವುದಿಲ್ಲ. ಒಂದೇ ಕಹಿ ಕಾಯಿ ಸಾಕು, ಬಾಟಲಿಯೇ ಕಹಿಯಾಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ರೈತರ ಸಂತೆಗಳಲ್ಲಿ ಉಪ್ಪಿನಕಾಯಿಗೆಂದೇ ಬೆಳೆದ ಮೋಟುಮೋಟಾದ ‘ಕರ್ಬಿ’ ಸೌತೆ ರಾಶಿ ಬೀಳುತ್ತದೆ. ಸೂಪರ್‌ಮಾರ್ಕೆಟ್ಟಿನ ಮಿರಿಮಿರಿ ಮಿಂಚುವ ಸೌತೆ ಮಾತ್ರ ತರಬೇಡಿ. ಬಹಳ ದಿನ ಬಾಳಲೆಂದು ಅದಕ್ಕೆ ಮೇಣ ಸವರಿರುತ್ತಾರೆ, ಮೇಣದ ಮೂಲಕ ವಿನೆಗರ್ ಒಳಗಿಳಿಯುವುದಿಲ್ಲ.

ಒಂದು ಕಿಲೋ ಸೌತೆಕಾಯಿಗೆ

ಅಮೆರಿಕದ ಕೃಷಿ ಇಲಾಖೆ ಪರೀಕ್ಷಿಸಿ ಪ್ರಕಟಿಸಿದ ಅಳತೆಯೊಂದಿದೆ. ಅದನ್ನು ನಮ್ಮ ಮನೆಗೆ ಒಪ್ಪುವಂತೆ ಇಳಿಸಿ, ವಿನೆಗರನ್ನು ತುಸು ಹೆಚ್ಚಿಸಿ ಹೇಳುತ್ತೇನೆ. ಒಂದು ಕಿಲೋ ಎಳೆಸೌತೆ. ಅರ್ಧ ಕಿಲೋ ಈರುಳ್ಳಿ. ಮೂರು ದೊಡ್ಡ ಚಮಚ, ಅಂದರೆ ಸುಮಾರು 50 ಗ್ರಾಂ ಉಪ್ಪು. 400 ಮಿಲಿಲೀಟರ್ ವಿನೆಗರ್. 350 ಗ್ರಾಂ ಸಕ್ಕರೆ. ಎರಡು ಟೀ ಚಮಚ ಸಾಸಿವೆ. ಒಂದೂವರೆ ಟೀ ಚಮಚ ಸೆಲರಿ ಬೀಜ. ಒಂದು ಟೀ ಚಮಚ ಅರಿಶಿನ. ಇದರಿಂದ ಅರ್ಧ ಲೀಟರಿನ ಮೂರು ಬಾಟಲಿ ತುಂಬುತ್ತವೆ. ಸೆಲರಿ ಬೀಜ ಸಿಗದಿದ್ದರೆ ಕಾಲು ಟೀ ಚಮಚ ಓಮ ಹಾಕಬಹುದು. ಅದಕ್ಕಿಂತ ಹೆಚ್ಚಾದರೆ ಓಮದ ಘಾಟು ಉಳಿದೆಲ್ಲವನ್ನೂ ನುಂಗಿಬಿಡುತ್ತದೆ.

ಉಪ್ಪಿನ ಬಗ್ಗೆ ಒಂದು ಮಾತು. ಪುಡಿ ಉಪ್ಪು ಗಂಟು ಕಟ್ಟದಿರಲೆಂದು ಬೆರೆಸುವ ಪದಾರ್ಥ ಪಾಕವನ್ನು ಮಬ್ಬಾಗಿಸುತ್ತದೆ, ಅಯೋಡಿನ್ ಕಾಯಿಯ ಬಣ್ಣವನ್ನು ಕೊಂಚ ಕಪ್ಪಾಗಿಸಬಹುದು. ತಿನ್ನಲು ತೊಂದರೆಯಿಲ್ಲ, ನೋಟಕ್ಕಷ್ಟೇ ಕುಂದು. ಕಲ್ಲುಪ್ಪು ಕುಟ್ಟಿ ಹಾಕಿದರೆ ಪಾಕ ತಿಳಿಯಾಗಿರುತ್ತದೆ. ಕಲ್ಲುಪ್ಪನ್ನು ಚಮಚದಲ್ಲಿ ಅಳೆಯದೆ ತೂಗಿ ಹಾಕುವುದು ಮೇಲು.

ಕಾಯಿಗಳನ್ನು ಚೆನ್ನಾಗಿ ತೊಳೆದು ಎರಡೂ ತುದಿ ತೆಗೆಯಿರಿ. ತೊಟ್ಟಿನ ಎದುರು ತುದಿ, ಒಣಗಿದ ಹೂವು ಅಂಟಿಕೊಂಡಿರುವ ಕಡೆ, ಬಹಳ ಮುಖ್ಯ. ಅಲ್ಲಿರುವ ಕಿಣ್ವಗಳು ಕಾಯಿಯ ಪೆಕ್ಟಿನನ್ನು ಕರಗಿಸಿ ಮೆತ್ತಗೆ ಮಾಡುತ್ತವೆ. ಎರಡು ಮಿಲಿಮೀಟರಿನಷ್ಟು ಕತ್ತರಿಸಿ ಎಸೆದರೆ ಸಾಕು, ಉಪ್ಪಿನಕಾಯಿ ಕೊನೆಯ ಹೋಳಿನ ತನಕ ಕರುಂಕುರುಂ ಎನ್ನುತ್ತದೆ. ದ್ರಾಕ್ಷಿ ಎಲೆ ಹಾಕಿದರೆ ಗರಿಗರಿಯಾಗಿರುತ್ತದೆ ಎಂಬ ಹಳೆಯ ಉಪಾಯವೂ ಉಂಟು. ಹೂವಿನ ತುದಿ ತೆಗೆದಮೇಲೆ ಅದರ ಅಗತ್ಯವಿಲ್ಲ.

ಸಿಪ್ಪೆ ಬಿಡಿಸದೆ, ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ತೀರ ತೆಳ್ಳಗಾದರೆ ಬಿಸಿ ಪಾಕಕ್ಕೆ ಬೀಳುತ್ತಲೇ ಸೋತುಹೋಗುತ್ತವೆ, ಬಹಳ ದಪ್ಪವಾದರೆ ಸಿಹಿಹುಳಿ ನಡುವಿಗೆ ತಲುಪಲು ವಾರಗಳು ಬೇಕು. ಈರುಳ್ಳಿಯನ್ನು ಅದಕ್ಕಿಂತ ತೆಳ್ಳಗೆ ಹೆಚ್ಚಿ. ಅಗಲವಾದ ಪಾತ್ರೆಯಲ್ಲಿ ಎರಡನ್ನೂ ಹಾಕಿ, ಉಪ್ಪು ಉದುರಿಸಿ, ಕೈಯಿಂದ ಮೃದುವಾಗಿ ಬೆರೆಸಿ. ಮೇಲೆ ಎರಡು ಇಂಚು ದಪ್ಪಕ್ಕೆ ಐಸ್ ಚೂರುಗಳನ್ನು ಹರಡಿ ಮೂರರಿಂದ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಐಸ್ ಕರಗುತ್ತ ಬಂದರೆ ಇನ್ನಷ್ಟು ಹಾಕಿ.

ಈ ಮೂರು ನಾಲ್ಕು ಗಂಟೆಯನ್ನು ಅರ್ಧಕ್ಕೆ ಇಳಿಸುವ ಆಸೆ ಎಲ್ಲರಿಗೂ ಆಗುತ್ತದೆ. ಇಳಿಸಬೇಡಿ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ, ತಂಪು ಅದರ ಗಟ್ಟಿತನ ಉಳಿಸುತ್ತದೆ. ಆ ನೀರು ಹೊರಹೋಗದಿದ್ದರೆ ಆಮೇಲೆ ಬಾಟಲಿಯೊಳಗೇ ಬಿಟ್ಟುಕೊಂಡು ವಿನೆಗರನ್ನು ತೆಳ್ಳಗೆ ಮಾಡುತ್ತದೆ. ರುಚಿಯೂ ಸಪ್ಪೆ, ಹುಳಿಯ ಕಾವಲೂ ಸಡಿಲ. ಸಮಯ ಮುಗಿದಾಗ ಜಾಲರಿ ಪಾತ್ರೆಗೆ ಸುರಿದು ಪೂರ್ತಿ ಬಸಿಯಿರಿ. ಒಂದು ಬಿಲ್ಲೆ ತಿಂದು ನೋಡಿ. ಉಪ್ಪು ಬಿರುಸಾಗಿದ್ದರೆ ತಣ್ಣೀರಿನಲ್ಲಿ ಒಮ್ಮೆ ಜಾಲಾಡಿ ಮತ್ತೆ ಹತ್ತು ನಿಮಿಷ ಬಸಿಯಲು ಬಿಡಿ. ಬಿಲ್ಲೆ ಬಾಗಬೇಕು, ಮುರಿಯಬಾರದು. ಅದು ಹದ.

ಈಗ ಪಾಕ. ಸ್ಟೀಲ್ ಅಥವಾ ಎನಾಮಲ್ ಪಾತ್ರೆಯನ್ನೇ ಬಳಸಿ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ ಬೇಡ. ಕಲಾಯಿ ಹಾಕಿದ ಹಿತ್ತಾಳೆಯೂ ಬೇಡ. ಬಿಸಿ ವಿನೆಗರ್ ಲೋಹವನ್ನು ಕರಗಿಸಿಕೊಳ್ಳುತ್ತದೆ. ವಿನೆಗರ್, ಸಕ್ಕರೆ, ಸಾಸಿವೆ, ಸೆಲರಿ ಬೀಜ, ಅರಿಶಿನ ಎಲ್ಲವನ್ನೂ ಒಟ್ಟಿಗೆ ಹಾಕಿ ಹತ್ತು ನಿಮಿಷ ಕುದಿಸಿ. ಕಿಟಕಿ ತೆರೆದಿಡಿ, ಆವಿಗೆ ಮೂಗು ಕಣ್ಣು ಉರಿಯುತ್ತದೆ. ಸಾಸಿವೆಗೆ ಒಗ್ಗರಣೆ ಬೇಡ, ಹುರಿಯುವುದೂ ಬೇಡ. ಅಮೆರಿಕನ್ನರು ಹಾಕುವುದು ಮೆದು ಖಾರದ ಹಳದಿ ಸಾಸಿವೆ. ನಮ್ಮ ಕಪ್ಪು ಸಾಸಿವೆಯ ಖಾರ ಏಳುವುದು ಅರೆದಾಗ ಮಾತ್ರ. ಇಡಿಯಾಗಿ ಬಿಸಿ ವಿನೆಗರಿಗೆ ಬಿದ್ದ ಕಾಳಿನಿಂದ ಆ ಖಾರ ಹೊಮ್ಮುವುದಿಲ್ಲ, ಮಂದವಾದ ಪರಿಮಳವಷ್ಟೇ ಬರುತ್ತದೆ. ಹಾಗಾಗಿ ನಮ್ಮ ಸಾಸಿವೆಯನ್ನೇ ಧೈರ್ಯವಾಗಿ ಬಳಸಿ.

ಕುದಿಯುವ ಪಾಕಕ್ಕೆ ಬಸಿದ ಸೌತೆ, ಈರುಳ್ಳಿ ಸುರಿದು ನಿಧಾನಕ್ಕೆ ಮತ್ತೆ ಕುದಿ ಬರಿಸಿ. ಹಚ್ಚಹಸಿರಾಗಿದ್ದ ಸಿಪ್ಪೆ ನೋಡುತ್ತಿದ್ದಂತೆ ಮಂಕಾಗಿ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಬಿಸಿಗೆ, ಹುಳಿಗೆ ಹಸಿರು ವರ್ಣಕದೊಳಗಿನ ಮೆಗ್ನೀಸಿಯಂ ಕಳಚಿಕೊಳ್ಳುವುದರಿಂದ ಹೀಗಾಗುತ್ತದೆ, ಗಾಬರಿ ಬೇಡ. ಮೊದಲ ಕುದಿ ಕಂಡ ಕೂಡಲೇ ಒಲೆ ಆರಿಸಿ. ಇದು ಪಲ್ಯವಲ್ಲ, ಬೇಯಿಸಬಾರದು.

ಬಿಸಿನೀರಿನಲ್ಲಿ ಕುದಿಸಿ ತೆಗೆದ, ಇನ್ನೂ ಬಿಸಿಯಾಗಿರುವ ಗಾಜಿನ ಬಾಟಲಿಗಳಿಗೆ ಹೋಳುಗಳನ್ನು ತುಂಬಿ ಮೇಲೆ ಪಾಕ ಸುರಿಯಿರಿ. ತಣ್ಣನೆಯ ಬಾಟಲಿಗೆ ಕುದಿಯುವ ಪಾಕ ಸುರಿದರೆ ಗಾಜು ಸೀಳುತ್ತದೆ. ಹೋಳುಗಳೆಲ್ಲ ಪಾಕದಲ್ಲಿ ಮುಳುಗಿರಬೇಕು, ಮೇಲೆ ಅರ್ಧ ಇಂಚು ಜಾಗ ಬಿಡಬೇಕು. ಚಮಚದ ಹಿಡಿಯನ್ನು ಗಾಜಿನ ಒಳಬದಿಗೆ ಸವರಿ ಆಡಿಸಿದರೆ ಸಿಕ್ಕಿಕೊಂಡ ಗಾಳಿಗುಳ್ಳೆ ಮೇಲೆ ಬರುತ್ತದೆ. ತಣಿದ ಮೇಲೆ ಮುಚ್ಚಳ ಬಿಗಿದು ಫ್ರಿಜ್ಜಿಗೆ ಸೇರಿಸಿ.

ಅಂದೇ ತಿಂದರೆ ಬರೀ ವಿನೆಗರ್ ಎನಿಸುತ್ತದೆ. ಒಂದು ವಾರ ಬಿಡಿ. ಹುಳಿಯ ಚೂಪು ಅಡಗಿ, ಸಿಹಿ ಒಳಗಿಳಿದು, ಸಾಸಿವೆ ನೆನೆದು ಉಬ್ಬಿ, ಈರುಳ್ಳಿ ಅರಿಶಿನದ ಹೊಂಬಣ್ಣಕ್ಕೆ ಬಂದಾಗ ನಿಜವಾದ ರುಚಿ ತಿಳಿಯುತ್ತದೆ. ನನಗಂತೂ ಇದರಲ್ಲಿ ಸೌತೆಗಿಂತ ಈರುಳ್ಳಿಯೇ ಹೆಚ್ಚು ಪ್ರಿಯ. ಫ್ರಿಜ್ಜಿನಲ್ಲಿಟ್ಟದ್ದನ್ನು ಎರಡು ತಿಂಗಳೊಳಗೆ ತಿಂದು ಮುಗಿಸುವುದು ಒಳ್ಳೆಯದು. ತೆಗೆಯಲು ಪ್ರತಿ ಸಲವೂ ಒಣಗಿದ, ಶುದ್ಧ ಚಮಚ.

ಸುಣ್ಣದ ಆಸೆ ಬೇಡ

ಬೂದುಗುಂಬಳದ ಪೇಠಾ ಮಾಡುವವರು ಹೋಳುಗಳನ್ನು ಸುಣ್ಣದ ನೀರಿನಲ್ಲಿ ನೆನೆಹಾಕುವುದನ್ನು ಕಂಡವರಿಗೆ ಸೌತೆಗೂ ಅದೇ ಉಪಾಯ ಹೊಳೆಯುತ್ತದೆ. ಸುಣ್ಣದ ಕ್ಯಾಲ್ಸಿಯಂ ಪೆಕ್ಟಿನ್ ಜೊತೆ ಸೇರಿ ಹೋಳನ್ನು ಗಟ್ಟಿ ಮಾಡುತ್ತದೆ ಎಂಬುದು ಸತ್ಯ, ಅಮೆರಿಕದ ಹಳೆಯ ಮನೆಗಳಲ್ಲಿ ಸುಣ್ಣ ಹಾಕಿದ ಸಿಹಿ ಉಪ್ಪಿನಕಾಯಿ ಇಂದಿಗೂ ಮಾಡುತ್ತಾರೆ. ಆದರೆ ಸುಣ್ಣ ಕ್ಷಾರ. ಹೋಳಿನಲ್ಲಿ ಉಳಿದ ಸುಣ್ಣ ವಿನೆಗರಿನ ಹುಳಿಯನ್ನು ಕೊಲ್ಲುತ್ತದೆ, ಹುಳಿ ಹೋದರೆ ಕಾಯುವವರಿಲ್ಲ. ಅದನ್ನು ಬಳಸುವವರು ಹೊಸ ನೀರಿನಲ್ಲಿ ಒಂದೊಂದು ಗಂಟೆಯಂತೆ ಮೂರು ಸಲ ನೆನೆಸಿ, ಪ್ರತಿ ಸಲವೂ ತೊಳೆದು ತೆಗೆಯಬೇಕೆಂಬುದು ನಿಯಮ. ಪೇಠಾ ಸಕ್ಕರೆಯಿಂದ ಉಳಿಯುವ ತಿಂಡಿ, ಅಲ್ಲಿ ಲೆಕ್ಕ ಬೇರೆ. ಎಳೆಯ ಕಾಯಿ, ಹೂವಿನ ತುದಿ ತೆಗೆಯುವುದು, ಐಸಿನ ತಂಪು, ಬೇಯಿಸದಿರುವುದು, ಈ ನಾಲ್ಕರಿಂದಲೇ ಬೇಕಾದಷ್ಟು ಗರಿತನ ಬರುತ್ತದೆ. ಪಟಿಕ ಹಾಕುವ ರೂಢಿಯೂ ಒಂದು ಕಾಲಕ್ಕಿತ್ತು, ಈಗ ಅದರ ಅಗತ್ಯವಿಲ್ಲ.

ಬೆಲ್ಲದ ಬಗ್ಗೆಯೂ ಕೇಳುವವರಿದ್ದಾರೆ. ಬೆಲ್ಲ ಹಾಕಿದರೆ ಪಾಕ ಕಂದಾಗಿ ಅರಿಶಿನದ ಬಣ್ಣ ಮುಚ್ಚಿಹೋಗುತ್ತದೆ. ಬೆಲ್ಲ ಕಾಯಿಸುವಾಗ ಆಲೆಮನೆಯಲ್ಲಿ ಸುಣ್ಣ ಬಳಸುವುದೂ ಉಂಟು. ಈ ಒಂದು ಉಪ್ಪಿನಕಾಯಿಗೆ ಸಕ್ಕರೆಯೇ ಸರಿ. ಸಿಹಿ ಕಡಿಮೆ ಬೇಕೆನ್ನುವವರು ಫ್ರಿಜ್ಜಿನಲ್ಲಿಡುವ ಬಾಟಲಿಗೆ ಸಕ್ಕರೆಯನ್ನು ಅರ್ಧಕ್ಕೆ ಇಳಿಸಬಹುದು. ಸಕ್ಕರೆ ಕಾಯಿಲೆ ಇರುವವರು ಮೇಲೆ ಹೇಳಿದ ಅಳತೆಯಲ್ಲಿ ಒಂದೊಂದು ಬಾಟಲಿಗೆ ನೂರು ಗ್ರಾಂಗಿಂತ ಹೆಚ್ಚು ಸಕ್ಕರೆ ಬೀಳುತ್ತದೆ ಎಂಬುದನ್ನು ಗಮನಿಸಲಿ.

ಫ್ರಿಜ್ಜಿನ ಹೊರಗೆ ಇಡಬೇಕೆಂದರೆ

ವರ್ಷಕ್ಕಾಗುವಷ್ಟು ಮಾಡಿ ಶೆಲ್ಫಿನಲ್ಲಿ ಸಾಲಾಗಿ ಜೋಡಿಸುವುದು ಪಶ್ಚಿಮದ ಪದ್ಧತಿ. ಅದಕ್ಕೆ ಬೇಕಾದ ಬಾಟಲಿ ಬೇರೆಯೇ. ತಿರುಪಿನ ಬಾಯಿಯ ಗಾಜಿನ ಭರಣಿಗೆ ಜಾನ್ ಲ್ಯಾಂಡಿಸ್ ಮೇಸನ್ 1858ರಲ್ಲಿ ಪೇಟೆಂಟ್ ಪಡೆದರು. ಅದರ ಪೀಳಿಗೆಯ, ಚಪ್ಪಟೆ ಬಿಲ್ಲೆ ಮತ್ತು ತಿರುಪು ಬಳೆ ಎಂದು ಎರಡು ಭಾಗದ ಮುಚ್ಚಳವಿರುವ ಭರಣಿ ಬೇಕು. ಜಾಮ್ ಖಾಲಿಯಾದ ಬಾಟಲಿಯ ಹಳೆಯ ಮುಚ್ಚಳ ಗಾಳಿಯನ್ನು ತಡೆಯುತ್ತದೆಂದು ನಂಬುವಂತಿಲ್ಲ. ಅಂಥವು ಫ್ರಿಜ್ಜಿಗೆ ಸೈ, ಶೆಲ್ಫಿಗೆ ಸಲ್ಲ.

5% ವಿನೆಗರಿನಲ್ಲಿ ಮಾಡಿದ ಉಪ್ಪಿನಕಾಯಿಯನ್ನು ಬಿಸಿಬಿಸಿಯಾಗಿ ತುಂಬಿ, ಬಾಯಿ ಒರೆಸಿ, ಮುಚ್ಚಳ ಹಾಕಿ, ತಳಕ್ಕೆ ಮಡಿಸಿದ ಬಟ್ಟೆ ಹಾಸಿದ ಎತ್ತರದ ಪಾತ್ರೆಯಲ್ಲಿ ನಿಲ್ಲಿಸಬೇಕು. ಮುಚ್ಚಳದ ಮೇಲೆ ಒಂದು ಇಂಚು ನೀರು ನಿಲ್ಲಬೇಕು. ನೀರು ಕುದಿಯಲು ಶುರುವಾದ ಮೇಲೆ ಸಮಯ ಎಣಿಸಬೇಕು. ಸಮುದ್ರಮಟ್ಟದಿಂದ 1,000 ಅಡಿವರೆಗಿನ ಊರುಗಳಲ್ಲಿ ಹತ್ತು ನಿಮಿಷ, ಅದಕ್ಕಿಂತ ಎತ್ತರದಲ್ಲಿ 6,000 ಅಡಿವರೆಗೆ ಹದಿನೈದು ನಿಮಿಷ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಮೂರು ಸಾವಿರ ಅಡಿಯ ಬೆಂಗಳೂರಿನಲ್ಲಿ ಅದು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಂದಮೇಲೆ ಮಂಗಳೂರು, ಉಡುಪಿ, ಕಾರವಾರಗಳಿಗೆ ಹತ್ತು ನಿಮಿಷದ ಲೆಕ್ಕ. ಬೆಂಗಳೂರು, ಮೈಸೂರು, ಹಾಸನ, ಹುಬ್ಬಳ್ಳಿ, ರಾಯಚೂರು, ಕಲಬುರಗಿ ಎಲ್ಲಕ್ಕೂ ಹದಿನೈದು. ಹೊರತೆಗೆದು ಅಲುಗಾಡಿಸದೆ ತಣಿಯಲು ಬಿಟ್ಟರೆ ಮುಚ್ಚಳದ ನಡು ‘ಟಿಕ್’ ಎಂದು ಒಳಕ್ಕೆ ತಗ್ಗುತ್ತದೆ. ಮರುದಿನ ಬೆರಳಿಂದ ಒತ್ತಿ ನೋಡಿ. ಮೇಲೆ ಕೆಳಗೆ ಆಡಿದರೆ ಗಾಳಿ ಬಿಗಿದಿಲ್ಲ, ಅದನ್ನು ಫ್ರಿಜ್ಜಿಗೆ ಸೇರಿಸಿ. ಬಿಗಿದವನ್ನು ನಾಲ್ಕೈದು ವಾರ ಕತ್ತಲಿನಲ್ಲಿಟ್ಟರೆ ರುಚಿ ಕೂಡಿಬರುತ್ತದೆ. ಈ ಬಾಟಲಿಗಳಿಗೆ ಈರುಳ್ಳಿಯನ್ನಾಗಲಿ ದೊಣ್ಣೆಮೆಣಸಿನಕಾಯಿಯನ್ನಾಗಲಿ ಅಳತೆ ಮೀರಿ ಸೇರಿಸಬೇಡಿ, ತರಕಾರಿ ಹೆಚ್ಚಿದಷ್ಟೂ ಹುಳಿ ತಗ್ಗುತ್ತದೆ. ಒಣಮೆಣಸಿನಕಾಯಿ, ಲವಂಗ, ಚಕ್ಕೆಯಂಥ ಒಣ ಮಸಾಲೆ ಸ್ವಲ್ಪ ಹಾಕಿದರೆ ಅಡ್ಡಿಯಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸೌತೆಕಾಯಿ ವರ್ಷವಿಡೀ ಸಿಗುವ ನಮ್ಮ ನಾಡಿನಲ್ಲಿ ಈ ಶ್ರಮ ಅಷ್ಟಾಗಿ ಬೇಕಿಲ್ಲ. ಚಳಿಗಾಲದಲ್ಲಿ ಹಿಮ ಮುಚ್ಚಿ ಬೆಳೆಯೇ ಇಲ್ಲದ ದೇಶದವರಿಗೆ ಅದು ಅನಿವಾರ್ಯವಾಗಿತ್ತು. ತಿಂಗಳಿಗೊಮ್ಮೆ ಒಂದು ಕಿಲೋ ಮಾಡಿ ಫ್ರಿಜ್ಜಿನಲ್ಲಿಟ್ಟು ತಿನ್ನುವುದು ನಮಗೆ ಹೆಚ್ಚು ಒಪ್ಪುತ್ತದೆ, ಗರಿತನವೂ ಅದರಲ್ಲೇ ಚೆನ್ನಾಗಿ ಉಳಿಯುತ್ತದೆ.

ಇಡೀ ಮಿಡಿಯ ನಾಲ್ಕು ದಿನದ ಉಪ್ಪಿನಕಾಯಿ

ಒಂದೂವರೆ ಇಂಚಿನೊಳಗಿನ ಮಿಡಿ ಸೌತೆ ಸಿಕ್ಕರೆ ಇದನ್ನು ಮಾಡದೆ ಬಿಡಬೇಡಿ. ಇಡೀ ಕಾಯಿಯನ್ನು ಒಮ್ಮೆಲೇ ಗಟ್ಟಿ ಸಕ್ಕರೆ ಪಾಕಕ್ಕೆ ಹಾಕಿದರೆ ಒಳಗಿನ ನೀರೆಲ್ಲ ರಭಸದಿಂದ ಹೊರಬಂದು ಕಾಯಿ ಸುಕ್ಕುಗಟ್ಟಿ ತೊಗಲಾಗುತ್ತದೆ. ಆದ್ದರಿಂದ ಸಕ್ಕರೆಯನ್ನು ಕಂತುಕಂತಾಗಿ ಕೊಡಬೇಕು. ಒಂದು ಕಿಲೋ ಮಿಡಿಗೆ ಒಟ್ಟು 500 ಗ್ರಾಂ ಸಕ್ಕರೆ, 450 ಮಿಲಿಲೀಟರ್ ವಿನೆಗರ್ ಲೆಕ್ಕ.

ಮೊದಲ ದಿನ ಬೆಳಿಗ್ಗೆ ಹೂವಿನ ತುದಿ ತೆಗೆದ ಮಿಡಿಗಳ ಮೇಲೆ ಕುದಿಯುವ ನೀರು ಸುರಿದು ಮುಚ್ಚಿಡಿ. ಆರೆಂಟು ಗಂಟೆಯ ನಂತರ ಆ ನೀರು ಚೆಲ್ಲಿ, ಸುಮಾರು ಒಂದೂಮುಕ್ಕಾಲು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ತುಂಬ ಉಪ್ಪು ಹಾಕಿ ಕುದಿಸಿ ಸುರಿಯಿರಿ. ಎರಡನೆಯ ದಿನ ಮತ್ತೆ ಹೊಸದಾಗಿ ಉಪ್ಪುನೀರು ಕುದಿಸಿ ಬದಲಿಸಿ. ಮೂರನೆಯ ದಿನ ಬಸಿದು, ಪ್ರತಿ ಮಿಡಿಯನ್ನೂ ಫೋರ್ಕಿನಿಂದ ಚುಚ್ಚಿ; ಪಾಕ ಒಳಹೋಗಲು ಅದೇ ಬಾಗಿಲು. 225 ಮಿಲಿಲೀಟರ್ ವಿನೆಗರ್, 190 ಗ್ರಾಂ ಸಕ್ಕರೆ, ಚಿಟಿಕೆ ಅರಿಶಿನ, ಒಂದು ತುಂಡು ಚಕ್ಕೆ, ಸ್ವಲ್ಪ ಸೋಂಪು, ಸೆಲರಿ ಬೀಜ ಕುದಿಸಿ ಸುರಿಯಿರಿ. ಆ ಸಂಜೆ ಪಾಕವನ್ನು ಬಸಿದುಕೊಂಡು 150 ಮಿಲಿಲೀಟರ್ ವಿನೆಗರ್, 125 ಗ್ರಾಂ ಸಕ್ಕರೆ ಸೇರಿಸಿ ಕುದಿಸಿ ಮತ್ತೆ ಸುರಿಯಿರಿ. ನಾಲ್ಕನೆಯ ದಿನ ಬೆಳಿಗ್ಗೆ ಉಳಿದ 75 ಮಿಲಿಲೀಟರ್ ವಿನೆಗರ್, 125 ಗ್ರಾಂ ಸಕ್ಕರೆ. ಆರೆಂಟು ಗಂಟೆಯ ಮೇಲೆ ಕೊನೆಯ 60 ಗ್ರಾಂ ಸಕ್ಕರೆ. ಮಿಡಿಗಳನ್ನು ಬಾಟಲಿಗೆ ತುಂಬಿ ಈ ಕುದಿಯುವ ಪಾಕವನ್ನೇ ಸುರಿದರೆ ಮುಗಿಯಿತು. ಪ್ರತಿ ಸಲದ ಕೆಲಸ ಕಾಲು ಗಂಟೆಯದು, ಬೇಕಾದದ್ದು ತಾಳ್ಮೆ. ನಾಲ್ಕನೆಯ ದಿನ ಮಿಡಿಗಳು ಅರೆಪಾರದರ್ಶಕವಾಗಿ ಹೊಳೆಯುತ್ತವೆ, ಕಚ್ಚಿದರೆ ಒಳಗೆಲ್ಲ ಸಿಹಿಹುಳಿ.

ಕೆಟ್ಟರೆ ತಿಳಿಯುವುದು ಹೇಗೆ, ತಿನ್ನುವುದು ಹೇಗೆ

ಬಾಟಲಿಯ ಮುಚ್ಚಳ ಉಬ್ಬಿದ್ದರೆ, ತೆಗೆದಾಗ ನೊರೆ ಉಕ್ಕಿದರೆ, ಹೋಳುಗಳು ಲೋಳೆಯಾಗಿದ್ದರೆ, ಮೇಲೆ ಬೂಷ್ಟು ಕಂಡರೆ ರುಚಿ ನೋಡದೆ ಎಸೆಯಿರಿ. ಬೂಷ್ಟು ಕಂಡಷ್ಟನ್ನು ತೆಗೆದು ಉಳಿದದ್ದನ್ನು ತಿನ್ನುವ ಅಭ್ಯಾಸ ಇಲ್ಲಿ ಬೇಡ, ಬೂಷ್ಟು ಹುಳಿಯನ್ನೇ ತಿಂದು ಕಡಿಮೆ ಮಾಡಿರುತ್ತದೆ. ಬೆಳ್ಳುಳ್ಳಿ ಹಾಕಿದ್ದರೆ ಅದು ನೀಲಿಯೋ ಹಸಿರೋ ಆಗಬಹುದು. ಅದು ವಿನೆಗರಿನ ಜೊತೆಗಿನ ರಾಸಾಯನಿಕ ಆಟ, ತಿನ್ನಲು ತೊಂದರೆಯಿಲ್ಲ. ಹೋಳು ಮೆತ್ತಗಾದರೆ ಹೂವಿನ ತುದಿ ಉಳಿದಿರಬೇಕು, ಇಲ್ಲವೇ ಒಲೆಯ ಮೇಲೆ ಹೆಚ್ಚು ಹೊತ್ತು ಬಿಟ್ಟಿರಬೇಕು. ಸುಕ್ಕುಗಟ್ಟಿದರೆ ಕಾಯಿ ಹಳೆಯದಿರಬೇಕು, ಇಲ್ಲವೇ ಸಕ್ಕರೆ ಒಮ್ಮೆಲೇ ಹೆಚ್ಚಾಗಿರಬೇಕು.

ಸ್ಯಾಂಡ್‌ವಿಚ್, ಬರ್ಗರ್, ಹುರಿದ ಮೀನು, ಕಬಾಬ್‌ಗಳ ಜೊತೆ ಇದು ಹೊಂದುವುದು ಎಲ್ಲರಿಗೂ ಗೊತ್ತು. ಬೆಣ್ಣೆ ಸವರಿದ ಬಿಸಿ ಅಕ್ಕಿರೊಟ್ಟಿಯ ಜೊತೆ ತಿಂದು ನೋಡಿ. ಖಾರದ ಬಿಸಿಬೇಳೆ ಬಾತಿನ ಪಕ್ಕಕ್ಕೂ ಚೆನ್ನ. ಮೊಸರನ್ನಕ್ಕೆ ಮಾತ್ರ ನನ್ನ ಮತ ಮಾವಿನಮಿಡಿಗೇ.

ಬಾಟಲಿ ಖಾಲಿಯಾದಾಗ ತಳದಲ್ಲಿ ಉಳಿಯುವ ಪಾಕಕ್ಕೆ ಹೊಸ ಸೌತೆ ಹೆಚ್ಚಿ ಹಾಕಬೇಡಿ. ಮೊದಲ ಸಲದ ಕಾಯಿಗಳ ನೀರು ಸೇರಿ ಅದರ ಹುಳಿ ಆಗಲೇ ತೆಳುವಾಗಿದೆ. ಚೆಲ್ಲುವುದೂ ಬೇಡ. ಎರಡು ಚಮಚ ತೆಗೆದು ಹೆಸರುಬೇಳೆ ಕೋಸಂಬರಿಗೆ ನಿಂಬೆರಸದ ಬದಲು ಹಾಕಿ, ಅಥವಾ ಎಲೆಕೋಸು, ಕ್ಯಾರೆಟ್ ಸಣ್ಣಗೆ ಹೆಚ್ಚಿ ಅದರಲ್ಲಿ ಕಲಸಿ ಆಗಿಂದಾಗಲೇ ಊಟಕ್ಕೆ ಬಡಿಸಿ.